‘ಟೇಕ್’ ಹುಡುಕಿಕೊಂಡು ಹೋದವಳಿಗೆ ಸಿಕ್ಕ ‘ಅಲ್ಮಕ್’

ಅಂಕಾರಾದಲ್ಲಿ ನಾವು ಬಾಡಿಗೆ ಮನೆ ಹಿಡಿದು ಮೂರು ವಾರವಾಗಿದ್ದಾಗಿನ ಮಾತು. ಸಂತೆಯಿಂದ ಎರಡು ಕೈಗೂ ಮೀರಿದ ಸಾಮಾನು ತಂದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದ ನನ್ನನ್ನು ಪಕ್ಕದ ಮನೆಯ ಹಿರಿಯ ಹೆಂಗಸು ನಿಲ್ಲಿಸಿ, ಇಷ್ಟನ್ನೆಲ್ಲ ಹೇಗೆ ತಂದೆಯೆಂದು ಕೇಳಿದರು. ಇಂಗ್ಲಿಷ್ ಮೂಲಕ ಟರ್ಕಿಷ್ ಕಲಿಸುವ ಪುಸ್ತಕವೊಂದನ್ನು ಅರ್ಧ ಮುಗಿಸಿದ್ದ ನಾನು, ‘ಟೇಕ್’ ಎಂದರೆ ‘ಅಲ್ಮಕ್’ ಎಂಬ ಅದರ ಪಾಠವನ್ನು ನಂಬಿ ‘ತಕ್ಸಿ ಅಲ್ದಿಮ್’ ಎಂದೆ. ಟ್ಯಾಕ್ಸಿಯಲ್ಲಿ ಬಂದೆ ಎಂದು ಹೇಳುವುದು ನನ್ನ ಉದ್ದೇಶವಾಗಿತ್ತು. ಅವರು ಕಣ್ಣರಳಿಸಿ ‘ಹಯಿರ್ಲಿ ಓಲ್ಸುನ್’ ಎಂದು ಹರಸಿ, ‘ಕಾಚಾ ಅಲ್ದಿನ್?’ ಎಂದರು. ಮೊದಲನೆಯದು ಹೊಸ ಮನೆಯನ್ನೋ ವಾಹನವನ್ನೋ ಕೊಂಡವರಿಗೆ ಒಳ್ಳೆಯದಾಗಲೆಂದು ಹೇಳುವ ಮಾತು. ಎರಡನೆಯದಕ್ಕೆ ಎಷ್ಟಕ್ಕೆ ಕೊಂಡೆ ಎಂದು ಅರ್ಥ. ನಾನು ಟ್ಯಾಕ್ಸಿಯನ್ನೇ ಖರೀದಿಸಿದ ಸುದ್ದಿ ಕೊಟ್ಟಿದ್ದೆ. ಅವರು ತಮಾಷೆ ಮಾಡುತ್ತಿದ್ದಾರೆಂದು ಹೊಳೆಯಲು ನನಗೆ ಅರ್ಧ ನಿಮಿಷ ಹಿಡಿಯಿತು.

ನಾಚಿಕೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಇದೇ ಮಾತನ್ನು ಧಾರವಾಡದ ನಮ್ಮ ಓಣಿಯಲ್ಲಿ ‘ನಿನ್ನೆ ಟ್ಯಾಕ್ಸಿ ತಗೊಂಡೆ’ ಎಂದು ಹೇಳಿದ್ದರೆ, ‘ಎಷ್ಟಕ್ಕ ತಗೊಂಡಿ? ಪೇಢೆ ಎಲ್ಲಿ?’ ಎಂದೇ ಕೇಳುತ್ತಿದ್ದರು. ಸೀರೆ ತಗೊಂಡೆ, ಮನೆ ತಗೊಂಡೆ, ಎಮ್ಮೆ ತಗೊಂಡೆ ಎನ್ನುವಾಗ ನಮ್ಮ ‘ತಗೊಳ್ಳು’ ಕೈಗೆ ಎತ್ತಿಕೊಳ್ಳುವುದನ್ನೂ ಕ್ರಯಕ್ಕೆ ಪಡೆಯುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಟರ್ಕಿಷ್‌ನ ‘ಅಲ್ಮಕ್’ ಅಕ್ಷರಶಃ ಅದೇ ಕೆಲಸ ಮಾಡುತ್ತದೆ. ‘ಎಕ್ಮೆಕ್ ಅಲ್ದಿಮ್’ ಎಂದರೆ ಬ್ರೆಡ್ ಕೊಂಡೆ. ದುಡ್ಡು ಕೊಟ್ಟೇ ಕೊಂಡದ್ದೆಂದು ಒತ್ತಿ ಹೇಳಬೇಕಾದಾಗ ಮಾತ್ರ ಅವರು ‘ಸತಿನ್ ಅಲ್ಮಕ್’ ಎನ್ನುತ್ತಾರೆ. ಅದು ಹೆಚ್ಚುಕಡಿಮೆ ನಮ್ಮ ‘ಕ್ರಯಕ್ಕೆ ತಗೊಳ್ಳು’. ಅಂಗಡಿ ಸುತ್ತಿ ಸಾಮಾನು ಕೊಳ್ಳುವುದಕ್ಕೆ ಅಲ್ಲಿ ‘ಅಲಿಶ್‌ವೆರಿಶ್’ ಎಂಬ ಪದವಿದ್ದು, ಅದನ್ನು ಬಿಡಿಸಿದರೆ ತಗೊಳ್ಳುವುದು-ಕೊಡುವುದು ಎಂದಾಗುತ್ತದೆ. ನಮ್ಮ ‘ಕೊಡುಕೊಳ್ಳುವಿಕೆ’ಯಲ್ಲಿ ಕೊಡುವುದು ಮೊದಲು ಬರುತ್ತದೆ ಎಂಬುದಷ್ಟೇ ವ್ಯತ್ಯಾಸ. ಮದುವೆ ಸಂಬಂಧಕ್ಕೂ ಅವರು ಹೆಣ್ಣು ತಗೊಳ್ಳುವುದು, ಹೆಣ್ಣು ಕೊಡುವುದು ಎಂಬ ಮಾತನ್ನೇ ಬಳಸುತ್ತಾರೆಂದು ತಿಳಿದ ದಿನ ನನಗೆ ನಮ್ಮ ದೊಡ್ಡಮ್ಮಂದಿರ ಮಾತುಕತೆಯೇ ಕಿವಿಯಲ್ಲಿ ಕೇಳಿದಂತಾಯಿತು.

ಹಾಗಾದರೆ ನಾನು ತಪ್ಪಿದ್ದು ಕನ್ನಡದಿಂದಲ್ಲ, ಇಂಗ್ಲಿಷಿನಿಂದ. ಕನ್ನಡದಿಂದ ನೆಟ್ಟಗೆ ಟರ್ಕಿಷ್‌ಗೆ ಹೋಗಬಹುದಾಗಿದ್ದ ದಾರಿಯನ್ನು ಬಿಟ್ಟು, ಲಂಡನ್ನಿಗೆ ಹೋಗಿ ಅಲ್ಲಿಂದ ತಿರುಗಿ ಬರುತ್ತಿದ್ದೆ. ಆಮೇಲೆ ನಾನು ಆ ಪುಸ್ತಕದ ‘ಟೇಕ್’ ಎಂಬ ಪದದ ಎದುರಿಗೆ ಟರ್ಕಿಷ್ ಅನ್ನು ಬರೆಯುವುದನ್ನು ನಿಲ್ಲಿಸಿ, ಅದು ಬರುವ ಒಂದೊಂದೇ ಪ್ರಸಂಗದ ಎದುರಿಗೆ ಬರೆಯತೊಡಗಿದೆ. ನೋಟುಪುಸ್ತಕದ ನಾಲ್ಕು ಪುಟ ತುಂಬುವ ಹೊತ್ತಿಗೆ ‘ಅಲ್ಮಕ್’ ಹತ್ತರಲ್ಲಿ ನಾಲ್ಕು ಕಡೆಯೂ ಉಳಿದಿರಲಿಲ್ಲ.

ಪ್ರಯಾಣದಿಂದಲೇ ಹೇಳುವುದಾದರೆ, ಬಸ್ಸಿಗೆ ಅವರು ‘ಬಿನ್ಮೆಕ್’ ಎನ್ನುತ್ತಾರೆ. ಕುದುರೆ, ಬಸ್ಸು, ಲಿಫ್ಟು ಎಲ್ಲಕ್ಕೂ ಅದೇ ಕ್ರಿಯಾಪದ, ನಮ್ಮ ‘ಹತ್ತು’ ಇದ್ದಂತೆ. ಏರುವ ವಸ್ತುವಿಗೆ ಚತುರ್ಥಿ ವಿಭಕ್ತಿ ಹಚ್ಚಬೇಕು, ‘ಬಸ್ಸಿಗೆ ಹತ್ತಿದೆ’ ಎನ್ನುವ ಹಾಗೆ. ಟ್ಯಾಕ್ಸಿಯನ್ನು ಗೊತ್ತುಮಾಡಿಕೊಳ್ಳುವುದಕ್ಕೆ ‘ತಕ್ಸಿ ತುತ್ಮಕ್’ ಎನ್ನಬೇಕಿತ್ತು. ‘ತುತ್ಮಕ್’ ಎಂದರೆ ಹಿಡಿಯುವುದು. ಆಟೋ ಹಿಡಿದುಕೊಂಡು ಬಾ ಎಂದು ದಿನಕ್ಕೆರಡು ಸಲ ಹೇಳುವ ನಾನು ಇದನ್ನು ಕಲಿಯುವುದಕ್ಕೆ ಒಂದು ಅವಮಾನವೇ ಬೇಕಾಯಿತು. ವಸ್ತುವನ್ನೋ ಮನುಷ್ಯನನ್ನೋ ಇನ್ನೊಂದು ಕಡೆಗೆ ‘ಟೇಕ್’ ಮಾಡುವುದಕ್ಕೆ ಬೇರೆಯದೇ ಕ್ರಿಯಾಪದ ‘ಗ್ಯೊತ್ಯುರ್ಮೆಕ್’ ಇದೆ, ಇತ್ತ ತರುವುದಕ್ಕೆ ‘ಗೆತಿರ್ಮೆಕ್’ ಇದೆ. ಮೈಸೂರಿನ ಕಡೆಯ ಗೆಳತಿಗೆ ಮೊದಲನೆಯದನ್ನು ವಿವರಿಸಲು ತಗೊಂಡು ಹೋಗು, ಕರೆದುಕೊಂಡು ಹೋಗು ಎಂದು ಎರಡೆರಡು ಪದಗಳನ್ನು ಜೋಡಿಸಬೇಕಾಯಿತು. ನನಗೆ ಮಾತ್ರ ಅಜ್ಜಿಯ ಬಾಯಲ್ಲಿದ್ದ ‘ಒಯ್ಯು’ ಸಾಕಾಯಿತು. ಪುಸ್ತಕದ ಪದವೆಂದು ಕೆಲವರು ಬದಿಗಿಟ್ಟಿರುವ ಈ ಒಂದು ಪದ ವಸ್ತುವಿಗೂ ಮನುಷ್ಯರಿಗೂ ಸಲ್ಲುತ್ತದೆ, ‘ಗ್ಯೊತ್ಯುರ್ಮೆಕ್’ಗೆ ಕೂದಲೆಳೆಯಷ್ಟೂ ಕಡಿಮೆಯಿಲ್ಲದೆ ಸರಿಹೊಂದುತ್ತದೆ.

ವಾಸದ ಪರವಾನಗಿಗೆಂದು ಭಾವಚಿತ್ರ ಬೇಕಾದಾಗ ಬೀದಿಯ ಕೊನೆಯ ಸ್ಟುಡಿಯೊಗೆ ಹೋದೆ. ಅಲ್ಲಿ ಚಿತ್ರವನ್ನು ಯಾರೂ ‘ತಗೊಳ್ಳುವುದಿಲ್ಲ’, ಎಳೆಯುತ್ತಾರೆ: ‘ಫೊತೊರಾಫ್ ಚೆಕ್ಮೆಕ್’. ನಮ್ಮಲ್ಲಿ ಅದನ್ನು ತೆಗೆಯುತ್ತೇವೆ, ಹುಡುಗರು ಹೊಡೆಯುತ್ತಾರೆ. ಇನ್ನೊಬ್ಬರಿಂದ ತೆಗೆಸಿಕೊಳ್ಳುವುದಕ್ಕೆ ಇಂಗ್ಲಿಷ್ ಇಡೀ ವಾಕ್ಯವನ್ನೇ ಬೇರೆ ರೀತಿಯಲ್ಲಿ ಕಟ್ಟಬೇಕಾಗುತ್ತದೆ. ಟರ್ಕಿಷ್‌ನಲ್ಲಿ ‘ಚೆಕ್’ ಎಂಬ ಧಾತುವಿಗೆ ‘ತಿರ್’ ಹಚ್ಚಿ ‘ಚೆಕ್ತಿರ್ಮೆಕ್’ ಎಂದರೆ ಮುಗಿಯಿತು, ನಾವು ‘ತೆಗೆ’ಗೆ ‘ಸು’ ಹಚ್ಚಿ ‘ತೆಗೆಸು’ ಎನ್ನುವಂತೆಯೇ. ಈ ‘ಚೆಕ್ಮೆಕ್’ ನನಗೆ ‘ಅಲ್ಮಕ್’ಗಿಂತ ಹೆಚ್ಚು ಪ್ರಿಯವಾದ ಕ್ರಿಯಾಪದ ಎಂದು ಒಪ್ಪಿಕೊಳ್ಳಬೇಕು. ಬಾವಿಯಿಂದ ನೀರನ್ನು ಸೇದುವುದು, ಬ್ಯಾಂಕಿನ ಯಂತ್ರದಿಂದ ಹಣ ತೆಗೆಯುವುದು, ಹಲ್ಲು ಕೀಳುವುದು, ಕಾಫಿಬೀಜ ಪುಡಿಮಾಡುವುದು, ದೋಣಿಯ ಹುಟ್ಟು ಹಾಕುವುದು, ನೋವು ಅನುಭವಿಸುವುದು, ಪರೀಕ್ಷೆಯಲ್ಲಿ ನಕಲು ಹೊಡೆಯುವುದು, ಎಲ್ಲವೂ ಅವರಿಗೆ ಎಳೆತವೇ. ಒಗೆದ ಬಟ್ಟೆ ಕುಗ್ಗಿದರೂ ‘ಚೆಕ್ತಿ’, ಎಳೆದುಕೊಂಡಿತು. ನೀರಿಗೂ ಬೀಡಿಗೂ ‘ಸೇದು’ ಎಂಬ ಒಂದೇ ಪದವನ್ನು ಇಟ್ಟುಕೊಂಡ ನಮಗೆ ಇದರ ತರ್ಕ ಅಷ್ಟೇನೂ ದೂರದ್ದಲ್ಲ. ಆದರೆ ಸಿಗರೇಟಿನ ವಿಷಯದಲ್ಲಿ ಮಾತ್ರ ಅವರು ದಾರಿ ಬದಲಿಸಿ ಅದನ್ನು ಕುಡಿಯುತ್ತಾರೆ, ‘ಸಿಗಾರಾ ಇಚ್ಮೆಕ್’. ಮಾತ್ರೆಯನ್ನೂ ಕುಡಿಯುತ್ತಾರೆ. ಔಷಧದ ಅಂಗಡಿಯಾಕೆ ಡಬ್ಬಿಯ ಮೇಲೆ ಪೆನ್ನಿನಿಂದ ಗೀಟು ಹಾಕಿ, ಹೊಟ್ಟೆ ತುಂಬಿದ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು ಕುಡಿಯಬೇಕೆಂದಾಗ, ಡಬ್ಬಿಯೊಳಗೆ ಇರುವುದು ಗುಳಿಗೆಯೋ ಸಿರಪ್ಪೋ ಎಂದು ನಾನು ಅಲ್ಲೇ ಬಿಚ್ಚಿ ನೋಡಿದ್ದೆ.

ತಿನ್ನುವ ವಿಷಯದಲ್ಲಿ ಎರಡು ಭಾಷೆಗಳೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಇಂಗ್ಲಿಷಿನವನು ಲಂಚವನ್ನು ತೆಗೆದುಕೊಳ್ಳುತ್ತಾನೆ. ಟರ್ಕಿಯವನು ಹಾಗೆಯೂ ಹೇಳುತ್ತಾನೆ, ಆದರೆ ಸಿಟ್ಟು ಬಂದಾಗ ‘ರ್ಯುಶ್ವೆತ್ ಯೆಮೆಕ್’ ಎನ್ನುತ್ತಾನೆ, ಲಂಚ ತಿನ್ನುವುದು. ಆ ‘ರ್ಯುಶ್ವೆತ್’ ನಮ್ಮ ‘ಲಂಚ ರುಷುವತ್ತು’ ಎಂಬ ಜೋಡಿಯಲ್ಲಿರುವ ಅರಬ್ಬಿ ಮೂಲದ ಪದವೇ. ಪೆಟ್ಟನ್ನು ಅವರೂ ತಿನ್ನುತ್ತಾರೆ, ನಾವೂ ತಿನ್ನುತ್ತೇವೆ. ಒಂದೇ ವಿಷಯವನ್ನು ಮತ್ತೆ ಮತ್ತೆ ಕೇಳಿ ಪೀಡಿಸುವವರು ನಮ್ಮಲ್ಲಿ ತಲೆ ತಿಂದರೆ, ಅಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಲೆಯ ಮಾಂಸ ತಿನ್ನುತ್ತಾರೆ.

ಕಲಿಯುವವರನ್ನು ನಿಜವಾಗಿ ಎಡವಿಸುವುದು ‘ವೆರ್ಮೆಕ್’, ಅಂದರೆ ಕೊಡುವುದು. ಇಂಗ್ಲಿಷ್ ತೆಗೆದುಕೊಳ್ಳುವ ಎಷ್ಟೋ ಸಂಗತಿಗಳನ್ನು ಟರ್ಕಿಷ್ ಕೊಡುತ್ತದೆ. ಕೆಲಸದ ನಡುವೆ ವಿರಾಮವನ್ನು ಕೊಡುತ್ತಾರೆ: ‘ಆರಾ ವೆರ್ಮೆಕ್’. ಒಬ್ಬ ವ್ಯಕ್ತಿ ತನ್ನ ಮನಸ್ಸಿನಲ್ಲಿ ನಿರ್ಧಾರಕ್ಕೆ ಬಂದರೆ ‘ಕರಾರ್ ವೆರ್ಮೆಕ್’, ತೀರ್ಮಾನವನ್ನು ಕೊಡುವುದು. ಸಮಿತಿಯೋ ಸರ್ಕಾರವೋ ತೀರ್ಮಾನಿಸಿದರೆ ಹೆಚ್ಚಾಗಿ ‘ಕರಾರ್ ಅಲ್ಮಕ್’. ನಮ್ಮ ‘ಕರಾರು’ ಇದೇ ಪದ, ಆದರೆ ಇಲ್ಲಿ ಒಪ್ಪಂದವಾಗಿ ನೆಲೆಸಿದೆ. ಪರೀಕ್ಷೆಗೆ ಇನ್ನೊಂದು ಗೊಂದಲ. 1984ರಿಂದ ವಿದೇಶಿಯರಿಗೆ ಟರ್ಕಿಷ್ ಕಲಿಸುತ್ತಿರುವ, ಅಂಕಾರಾ ವಿಶ್ವವಿದ್ಯಾಲಯದ ತ್ಯೊಮೆರ್ ಎಂಬ ಸಂಸ್ಥೆಯ ತರಗತಿಗೆ ನಾನು ಸೇರಿದಾಗ, ವಿದ್ಯಾರ್ಥಿಗಳು ಪರೀಕ್ಷೆಯನ್ನು ತಗೊಳ್ಳುವುದೂ ಇಲ್ಲ, ಬರೆಯುವುದೂ ಇಲ್ಲ, ಅದರೊಳಗೆ ಪ್ರವೇಶಿಸುತ್ತಾರೆ ಎಂದು ತಿಳಿಯಿತು, ‘ಸಿನಾವಾ ಗಿರ್ಮೆಕ್’. ಕನ್ನಡದಲ್ಲಿ ನಾವು ಪರೀಕ್ಷೆ ಬರೆಯುತ್ತೇವೆ, ಕಟ್ಟುತ್ತೇವೆ, ಪರೀಕ್ಷೆಗೆ ಕೂಡುತ್ತೇವೆ. ಹಾಗಿರುವಾಗ ಒಳಗೆ ಹೋಗುವವರನ್ನು ನೋಡಿ ನಗುವ ಹಕ್ಕು ನಮಗಿಲ್ಲ. ವಿಶ್ವವಿದ್ಯಾಲಯದ ಹುಡುಗನೊಬ್ಬ ‘ಆ ವಿಷಯವನ್ನು ಕೊಟ್ಟೆ’ ಎಂದರೆ ಅದರಲ್ಲಿ ಪಾಸಾದೆ ಎಂದು ಅರ್ಥ. ಅದೇ ಮಾತನ್ನು ಅವನ ಮೇಷ್ಟ್ರು ಹೇಳಿದರೆ ಅದನ್ನು ಪಾಠ ಮಾಡಿದೆ ಎಂದು ಅರ್ಥ.

ಈ ನಾಲ್ಕು ಪುಟಗಳನ್ನು ಬರೆದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಕ್ರಿಯಾಪದಕ್ಕೆ ಕ್ರಿಯಾಪದವನ್ನು ಹುಡುಕುವುದೇ ತಪ್ಪು ದಾರಿ. ಯಾವ ಕ್ರಿಯೆ ಬೇಕೆಂದು ಆರಿಸಿಕೊಳ್ಳುವುದು ನಾಮಪದ. ಫೋಟೋ ಎಂಬುದು ಒಂದು ಊರಿನಲ್ಲಿ ತೆಗೆಸಿಕೊಳ್ಳುತ್ತದೆ, ಇನ್ನೊಂದು ಊರಿನಲ್ಲಿ ಎಳೆಸಿಕೊಳ್ಳುತ್ತದೆ; ಹಾಗೆ ಯಾಕೆಂದು ಕೇಳಿದರೆ ಅಲ್ಲಿನವರಿಗೂ ಉತ್ತರ ಗೊತ್ತಿರುವುದಿಲ್ಲ. ಇಂಗ್ಲಿಷಿನ ‘ಟೇಕ್’ ಕೂಡ ಹುಟ್ಟಿನಿಂದ ಇಂಗ್ಲಿಷಿನದಲ್ಲ. ಹಳೆಯ ಇಂಗ್ಲಿಷಿನವರು ‘ನಿಮನ್’ ಎನ್ನುತ್ತಿದ್ದರು. ವೈಕಿಂಗರ ನಾರ್ಸ್ ಭಾಷೆಯ ‘ತಾಕಾ’ ಬಂದು ಅದನ್ನು ಮನೆಯಿಂದ ಹೊರಹಾಕಿತು. ಹೊರಗಿನಿಂದ ಬಂದ ಸೊಸೆ ಅಡುಗೆಮನೆಯನ್ನೆಲ್ಲ ಕೈಗೆ ತೆಗೆದುಕೊಂಡಂತೆ, ಅದು ಇಂದು ಆ ಭಾಷೆಯ ಅರ್ಧ ಕೆಲಸಗಳನ್ನು ನಡೆಸುತ್ತಿದೆ. ‘ಅಲ್ಮಕ್’ನ ಧಾತುವಾದರೋ ಮಂಗೋಲಿಯಾದ ಓರ್ಖೋನ್ ಕಣಿವೆಯ, 8ನೆಯ ಶತಮಾನದ ತುರ್ಕಿ ಶಾಸನಗಳಲ್ಲಿಯೇ ಇದೆ.

ಈಗ ಇಂಗ್ಲಿಷಿನ ‘ಟೇಕ್’ ಎರಡೂ ಭಾಷೆಗಳ ಒಳಗೆ ನುಗ್ಗುತ್ತಿದೆ. ಸ್ನಾನಕ್ಕೆ ಅಲ್ಲಿನವರು ‘ದುಶ್ ಅಲ್ಮಕ್’ ಎಂದಾಗ, ಭಾಷೆಯ ವಿಷಯದಲ್ಲಿ ಕಟ್ಟುನಿಟ್ಟಾದವರು ಅದು ಹೊರಗಿನ ಭಾಷೆಯ ಪಡಿಯಚ್ಚೆಂದು ಮೂಗು ಮುರಿಯುತ್ತಾರೆ. ಶವರನ್ನು ‘ತಗೊಂಡು’ ಎಲ್ಲಿಗೆ ಒಯ್ಯುತ್ತೀರಿ ಎಂಬುದು ಅವರ ಕುಹಕ. 1932ರಲ್ಲಿ ಭಾಷಾ ಸಂಸ್ಥೆಯೊಂದನ್ನು ಕಟ್ಟಿ ಅರಬ್ಬಿ, ಪಾರ್ಸಿ ಪದಗಳನ್ನು ಜರಡಿ ಹಿಡಿದ ದೇಶದಲ್ಲಿ ಇಂಥ ಜಗಳ ಹೊಸತಲ್ಲ. ನನಗೆ ಅವರ ಹಟ ಸ್ವಲ್ಪ ಅತಿಯೆನಿಸಿದರೂ, ‘ಯಿಕಾನ್ಮಕ್’ ಎಂಬ ಅಚ್ಚುಕಟ್ಟಾದ ಪದ ಇರುವಾಗ ಎರವಲು ಯಾಕೆಂಬ ಪ್ರಶ್ನೆ ನ್ಯಾಯವೇ. ‘ಯಿಕಾ’ ಎಂದರೆ ತೊಳೆ. ನಡುವೆ ಒಂದು ‘ನ್’ ಸೇರಿದರೆ ತನ್ನನ್ನು ತಾನೇ ತೊಳೆದುಕೊಳ್ಳುವುದು. ಆ ಒಂದು ಅಕ್ಷರ ಮಾಡುವ ಕೆಲಸವನ್ನು ನಮ್ಮಲ್ಲಿ ‘ಕೊಳ್ಳು’ ಮಾಡುತ್ತದೆ. ನಮ್ಮವರೂ ಈಗ ‘ಬ್ರೇಕ್ ತಗೊಳ್ಳೋಣ’, ‘ರೈಟ್ ತಗೊಳ್ಳಿ’ ಎನ್ನುತ್ತಾರೆ. ಜಳಕ ಮಾತ್ರ ಇನ್ನೂ ಮಾಡುವುದಾಗಿಯೇ ಉಳಿದಿದೆ.

ಅದೇ ‘ನ್’ ಅನ್ನು ‘ಅಲ್ಮಕ್’ಗೆ ಸೇರಿಸಿದರೆ ‘ಅಲಿನ್ಮಕ್’ ಆಗುತ್ತದೆ. ತೆಗೆದುಕೊಳ್ಳಲ್ಪಡುವುದು ಎಂಬುದು ಅದರ ಒಂದು ಅರ್ಥವಾದರೆ, ಇನ್ನೊಬ್ಬರ ಮಾತನ್ನೋ ನಡತೆಯನ್ನೋ ಮನಸ್ಸಿಗೆ ತಗೊಂಡು ನೊಂದುಕೊಳ್ಳುವುದು ಇನ್ನೊಂದು. ‘ಅಲಿನ್ಮಾ’ ಎಂದರೆ ‘ಮನಸ್ಸಿಗೆ ತಗೋಬ್ಯಾಡ’. ಈ ಪದವನ್ನು ನಾನು ಕಲಿತದ್ದು ತರಗತಿಯಲ್ಲಲ್ಲ. ಪಕ್ಕದ ಮನೆಯ ಅದೇ ಹಿರಿಯರು, ಅಷ್ಟು ಹೊತ್ತಿಗೆ ನಾನು ‘ತೇಯ್ಜೆ’, ಅಂದರೆ ತಾಯಿಯ ಕಡೆಯ ಚಿಕ್ಕಮ್ಮ, ಎಂದು ಕರೆಯತೊಡಗಿದ್ದವರು, ಒಂದು ಸಂಜೆ ಗೋಧಿ, ಕಡಲೆ, ಒಣಹಣ್ಣು ಹಾಕಿ ಬೇಯಿಸಿದ ‘ಅಶುರೆ’ ಎಂಬ ಸಿಹಿಯನ್ನು ಬಟ್ಟಲು ತುಂಬ ಕೊಟ್ಟು ಹೋಗಿದ್ದರು. ನಾನು ಆ ಬಟ್ಟಲನ್ನು ತೊಳೆದು ಬರಿದಾಗಿಯೇ ಮರಳಿಸಿದೆ. ಎರಡು ದಿನ ಬಿಟ್ಟು ಅವರ ಮಗಳು ಮೆಟ್ಟಿಲ ಮೇಲೆ ಸಿಕ್ಕಾಗ ದನಿ ತಗ್ಗಿಸಿ ‘ಅನ್ನೆಮ್ ಬಿರಾಜ್ ಅಲಿಂದಿ’ ಎಂದಳು, ಅಮ್ಮ ಸ್ವಲ್ಪ ನೊಂದುಕೊಂಡಿದ್ದಾಳೆ. ಬಂದ ಪಾತ್ರೆಯನ್ನು ಬರಿದಾಗಿ ತಿರುಗಿಸಬಾರದೆಂಬ ಪದ್ಧತಿ ಅಲ್ಲಿಯೂ ಇತ್ತು. ಧಾರವಾಡದಲ್ಲಾಗಿದ್ದರೆ ಕನಿಷ್ಠ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕದೆ ಪಾತ್ರೆ ಕೊಡುತ್ತಿರಲಿಲ್ಲ. ಪರದೇಶವೆಂದು ನಾನೇ ನನ್ನ ರೂಢಿಯನ್ನು ಬಿಟ್ಟುಕೊಟ್ಟಿದ್ದೆ.

ಇನ್ನೇನು ಮಾಡಬೇಕೆಂದು ಮಗಳನ್ನು ಕೇಳಿದೆ. ‘ಗ್ಯೊನ್ಲ್ಯುನ್ಯು ಅಲ್’ ಎಂದಳು. ಅವಳ ಮನಸ್ಸನ್ನು ತಗೋ, ಅಂದರೆ ಸಮಾಧಾನ ಮಾಡು, ಒಲಿಸಿಕೋ. ಮರುದಿನ ಬೆಳಿಗ್ಗೆ ಶೇಂಗಾ ಹುರಿದು, ಸಿಪ್ಪೆ ತೆಗೆದು, ಊರಿನಿಂದ ತಂದಿದ್ದ ಬೆಲ್ಲದಲ್ಲಿ ಆರು ಶೇಂಗಾ ಹೋಳಿಗೆ ಮಾಡಿಕೊಂಡು ಹೋಗಿ ಬಾಗಿಲು ತಟ್ಟಿದೆ. ತೇಯ್ಜೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಅಗಿದು, ‘ಬುನು ನೆರೆದೆನ್ ಅಲ್ದಿನ್?’ ಎಂದು ಕೇಳಿದರು. ಇದನ್ನು ಎಲ್ಲಿ ತಗೊಂಡೆ?

‘ಅಲ್ಮಾದಿಮ್, ಯಾಪ್ತಿಮ್’ ಎಂದೆ. ತಗೊಂಡದ್ದಲ್ಲ, ಮಾಡಿದ್ದು.