ನಷ್ಟ ಬೇಡ, ಲಾಭ ಮಾತ್ರ ಹೇಳಿ

"ನಷ್ಟ ಬೇಡ ಸರ್, ಲಾಭ ಆಗಿರೋದು ಮಾತ್ರ ಹೇಳಿ."

ಆಡಿಟರ್ ಆಫೀಸಿನ ಹುಡುಗಿ ಕಂಪ್ಯೂಟರಿನಿಂದ ಕಣ್ಣೆತ್ತದೆ ಹೇಳಿದ ಮಾತು. ವ್ಯಂಗ್ಯ ಇರಲಿಲ್ಲ, ಸಿಡುಕೂ ಇರಲಿಲ್ಲ. ಆಧಾರ್ ನಂಬರ್ ಕೇಳುವ ದನಿಯಲ್ಲೇ ಕೇಳಿದಳು. ನನ್ನ ಪಕ್ಕ ಕೂತಿದ್ದ ಅಕ್ಕನ ಮಗ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದ ಹಾಳೆಗಳನ್ನು ಹಿಡಿದುಕೊಂಡು ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದ. ಅವು ಅವನ ಕ್ರಿಪ್ಟೋ ವ್ಯಾಪಾರದ ಲೆಕ್ಕ, ಅಂದರೆ ಬಿಟ್‌ಕಾಯಿನ್‌ನಂಥ ಕಂಪ್ಯೂಟರಿನಲ್ಲಷ್ಟೇ ಇರುವ ಕಾಸನ್ನು ಕೊಂಡು ಮಾರಿದ್ದು. ಆ ಹಾಳೆಗಳಲ್ಲಿ ನಷ್ಟವೇ ಜಾಸ್ತಿ.

ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕಡೇ ದಿನ 2025ರಲ್ಲಿ ಸೆಪ್ಟೆಂಬರ್ 15ಕ್ಕೆ ಹೋಗಿದ್ದರಿಂದ ಮೈಸೂರಿನ ಸರಸ್ವತಿಪುರಂನ ಆ ಪುಟ್ಟ ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಊರು ಪಾಂಡವಪುರದ ಕಡೆ. ಅಪ್ಪ ಕಬ್ಬು, ಭತ್ತ ಬೆಳೆಯುವವರು, ಆದಾಯ ತೆರಿಗೆಯ ಮುಖ ಕಂಡವರಲ್ಲ. ಆ ಮನೆಯಲ್ಲಿ ರಿಟರ್ನ್ ಹಾಕಿದ ಮೊದಲ ಮನುಷ್ಯ ಇವನೇ. ಕ್ರಿಪ್ಟೋ ವ್ಯವಹಾರ ತೋರಿಸದವರಿಗೆ ಇಲಾಖೆ ಜೂನ್‌ನಲ್ಲಿ ಇಮೇಲ್ ಕಳಿಸಿತ್ತಲ್ಲ, ಅದು ಇವನ ರೂಮ್‌ಮೇಟ್‌ಗೆ ಬಂದಿತ್ತು. ಅವತ್ತಿನಿಂದ ಇವನಿಗೆ ನಿದ್ದೆ ಇಲ್ಲ. ಅಪ್ಪನಿಗೆ ಹೇಳುವ ಧೈರ್ಯ ಸಾಲದೆ ನನ್ನ ಹತ್ತಿರ ಬಂದ. "ಚಿಕ್ಕವ್ವ, ನಾನು ಮಾಡಿರೋದು ಫಾರಿನ್ ಎಕ್ಸ್‌ಚೇಂಜಲ್ಲಿ. ಲೀಗಲ್ಲೋ ಇಲ್ಲೀಗಲ್ಲೋ ಒಂಚೂರು ಕೇಳ್ಬೇಕಿತ್ತು" ಅಂದ. ಎಕ್ಸ್‌ಚೇಂಜ್ ಅಂದರೆ ಕ್ರಿಪ್ಟೋ ಕೊಂಡು ಮಾರುವ ಆಪ್, ಇವನದು ಹೊರದೇಶದ ಕಂಪನಿಯದು. ನಾನು ಹೈಸ್ಕೂಲಿನ ಗಣಿತದ ಟೀಚರ್. ನನಗೆಲ್ಲಿ ಗೊತ್ತಾಗಬೇಕು? ಕರೆದುಕೊಂಡು ಹೊರಟೆ.

ಆಡಿಟರ್ ಒಳ್ಳೆಯವರೇ, ಆದರೆ ತಮ್ಮ ದನಿ ತಾವೇ ಕೇಳಿ ಸಂತೋಷಪಡುವ ಜಾತಿ. ಹೊರಗೆ ಜನ ಕಾಯುತ್ತಿದ್ದರೂ ನಮಗೆ 2018ರಿಂದ ಶುರು ಮಾಡಿದರು. ಆ ವರ್ಷ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು, ಕ್ರಿಪ್ಟೋ ಮಂದಿ ಜೊತೆ ವ್ಯವಹಾರ ಬೇಡ ಅಂತ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. ಹುಡುಗನ ಮುಖ ಅರಳಿತು. "ಅಂದ್ರೆ ಲೀಗಲ್ ಅಲ್ವಾ ಸರ್?"

"ಬ್ಯಾನ್ ಆಗಿಲ್ಲ" ಅಂದರು ಆಡಿಟರ್. ಆಮೇಲೆ ಅವನು ಎಷ್ಟು ಸಲ ಅದೇ ಪ್ರಶ್ನೆ ಕೇಳಿದರೂ ಲೀಗಲ್ ಅನ್ನುವ ಮಾತು ಅವರ ಬಾಯಿಂದ ಹೊರಡಲೇ ಇಲ್ಲ. ನನಗೆ ಮೊದಲು ಕಿರಿಕಿರಿಯಾಯಿತು. ಆಮೇಲೆ ಯೋಚಿಸಿದರೆ ಸರ್ಕಾರವೂ ಹಾಗೇ ತಾನೆ ಮಾತಾಡಿರೋದು? 2022ರ ಬಜೆಟ್ಟಿನಲ್ಲಿ ತೆರಿಗೆ ಹಾಕಿದ ಮೇಲೆ ಹಣಕಾಸು ಸಚಿವೆ, ತೆರಿಗೆ ಹಾಕಿದ ಮಾತ್ರಕ್ಕೆ ಮಾನ್ಯತೆ ಕೊಟ್ಟ ಹಾಗಲ್ಲ ಅಂದರು. ಆಗ ಹಣಕಾಸು ಕಾರ್ಯದರ್ಶಿಯಾಗಿದ್ದ ಟಿ.ವಿ. ಸೋಮನಾಥನ್ ಇನ್ನೂ ಬಿಡಿಸಿ ಹೇಳಿದರು, ಕುದುರೆ ರೇಸಿನಲ್ಲಿ ಗೆದ್ದ ದುಡ್ಡಿಗೆ ಹೇಗೋ ಇದಕ್ಕೂ ಹಾಗೇ ಅಂತ. ಚಾಮುಂಡಿ ಬೆಟ್ಟದ ಕೆಳಗೇ ರೇಸ್ ಕೋರ್ಸ್ ಇಟ್ಟುಕೊಂಡ ಮೈಸೂರಿನವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಗೆದ್ದವನ ಹತ್ತಿರ ಸರ್ಕಾರ ಬಂದು ನಿಲ್ಲುತ್ತದೆ. ಸೋತವನನ್ನು ಆಟೋದವನೂ ಮಾತಾಡಿಸುವುದಿಲ್ಲ.

ಹುಡುಗ ವಿದೇಶದ ಎಕ್ಸ್‌ಚೇಂಜಿಗೆ ಹೋದದ್ದಕ್ಕೆ ಅವನದೇ ಕಾರಣಗಳಿದ್ದವು. ಅವು ಪೂರಾ ಪೆದ್ದು ಕಾರಣಗಳೇನೂ ಅಲ್ಲ. 2022ರ ಜುಲೈ 1ರಿಂದ ಇಲ್ಲಿನ ಎಕ್ಸ್‌ಚೇಂಜುಗಳಲ್ಲಿ ಪ್ರತಿ ಮಾರಾಟಕ್ಕೂ ಶೇಕಡಾ 1 ಟಿಡಿಎಸ್, ಅಂದರೆ ದುಡ್ಡು ಕೈಗೆ ಬರುವ ಮೊದಲೇ ಹಿಡಿಯುವ ತೆರಿಗೆ, ಮುರಿದುಕೊಳ್ಳುತ್ತಾರೆ. ದಿನಕ್ಕೆ ಹತ್ತು ಸಲ ಕೊಂಡು ಮಾರುವವನಿಗೆ ಕೈಯಲ್ಲಿ ಆಡಿಸಲು ದುಡ್ಡೇ ಉಳಿಯುವುದಿಲ್ಲ. ಅದರ ಮೇಲೆ 2024ರ ಜುಲೈನಲ್ಲಿ ನಮ್ಮ ದೇಶದ್ದೇ ಆದ ವಝೀರ್‌ಎಕ್ಸ್‌ಗೆ ಕನ್ನ ಬಿದ್ದು ಸುಮಾರು 23 ಕೋಟಿ ಡಾಲರ್ ಹೋಯಿತು. ಜನರ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತು. "ಇಲ್ಲಿಂದೇ ಸೇಫು ಅಂತಿದ್ರಲ್ಲ ಚಿಕ್ಕವ್ವ, ಏನಾಯ್ತು?" ಅಂತ ಅವನ ವಾದ. ಟೆಲಿಗ್ರಾಂ ಗುಂಪಿನ ಯಾವನೋ 'ಸರ್' ಒಬ್ಬ ಇದಕ್ಕೆಲ್ಲ ತುಪ್ಪ ಸುರಿದಿದ್ದಾನೆ. ಹೆಸರಿಲ್ಲ, ಮುಖವಿಲ್ಲ, ಹಳದಿ ಕಾರಿನ ಫೋಟೋ ಒಂದಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ನಮಗೂ ಇಷ್ಟು ಮರ್ಯಾದೆ ಕೊಟ್ಟು 'ಸರ್' 'ಮೇಡಂ' ಅನ್ನಲಿಲ್ಲ.

ಆಡಿಟರ್ ಮುಂದುವರಿಸಿದರು. ಹೊರದೇಶದ ಕಂಪನಿಯಾದರೂ ಇಲ್ಲಿಯವರಿಗೆ ಸೇವೆ ಕೊಡುವುದಾದರೆ 2023ರ ಮಾರ್ಚ್‌ನಿಂದ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಅದಕ್ಕೂ ಅನ್ವಯ. ದೆಹಲಿಯ ಎಫ್‌ಐಯು, ಅಂದರೆ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿ ಆಗಲೇಬೇಕು. ಆಗದೆ ಕೂತಿದ್ದ ಬೈನಾನ್ಸ್, ಕುಕಾಯಿನ್, ಕ್ರಾಕೆನ್ ಸೇರಿ ಒಂಬತ್ತು ಕಂಪನಿಗಳಿಗೆ 2023ರ ಡಿಸೆಂಬರ್ ಕೊನೆಯಲ್ಲಿ ನೋಟಿಸ್ ಹೋಯಿತು, ಜನವರಿಯಲ್ಲಿ ಆಪ್‌ಗಳು ಮಾಯವಾದವು. ಬೈನಾನ್ಸ್ 18.82 ಕೋಟಿ ರೂಪಾಯಿ ದಂಡ ಹಾಕಿಸಿಕೊಂಡು, ನೋಂದಣಿ ಮಾಡಿಸಿಕೊಂಡು ವಾಪಸ್ ಬಂತು. ಬೇರೆ ದೇಶದಲ್ಲಿರುವ ಹಾಗೆ ತೋರಿಸಿಕೊಂಡು ಆಪ್ ತೆರೆಯಲು ವಿಪಿಎನ್ ಇದೆ ಅಂತ ಹುಡುಗ ಏನೋ ಗೊಣಗಿದ. ಆಡಿಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಪ್ ಓಪನ್ ಆಗತ್ತೆ ಅಂದ್ರೆ ಎಲ್ಲ ಸರಿ ಇದೆ ಅಂತಲ್ಲಪ್ಪ. ನೋಂದಣಿ ಮಾಡಿಸೋದು ಕಂಪನಿ ಕೆಲಸ. ಕಂಪನಿ ಮಾಡಿಸಿರಲಿ ಬಿಡಲಿ, ಟ್ಯಾಕ್ಸ್ ಮಾತ್ರ ನಿಂದೇ."

ಆ ನೋಂದಣಿ ನಮ್ಮ ದುಡ್ಡಿನ ಕಾವಲಿಗಲ್ಲ ಅನ್ನುವುದೂ ಅಲ್ಲೇ ಗೊತ್ತಾದದ್ದು. ಕಪ್ಪು ದುಡ್ಡು ಬಿಳಿಯಾಗದ ಹಾಗೆ ನೋಡಿಕೊಳ್ಳುವುದಷ್ಟೇ ಆ ಘಟಕಕ್ಕೆ ಸಂಬಂಧಪಟ್ಟದ್ದು. ನಾಳೆ ಕಂಪನಿ ಬಾಗಿಲು ಹಾಕಿದರೆ ಬ್ಯಾಂಕ್ ಠೇವಣಿಗಿರುವ 5 ಲಕ್ಷದ ವಿಮೆ ಇದಕ್ಕಿಲ್ಲ, ಷೇರಿನವರಿಗೆ ಸೆಬಿ ಅನ್ನುವ ಕಾವಲು ಸಂಸ್ಥೆ ಇರುವ ಹಾಗೆ ಇವರಿಗೆ ಯಾರೂ ಇಲ್ಲ.

ಇಷ್ಟಾದ ಮೇಲೆ ಆ ಹುಡುಗಿಯ ಹತ್ತಿರ ಕಳಿಸಿದರು. ಅಲ್ಲೇ ಆ ಮಾತು ಬಂದದ್ದು.

2024ರ ಡಿಸೆಂಬರ್‌ನಲ್ಲಿ ಬಿಟ್‌ಕಾಯಿನ್ ಒಂದು ಲಕ್ಷ ಡಾಲರ್ ದಾಟಿತಲ್ಲ, ಆಗ ಇವನು ತನ್ನ ಚೂರುಪಾರನ್ನು ಮಾರಿ 90,000 ರೂಪಾಯಿ ಲಾಭ ಮಾಡಿದ್ದ. ಮಾರಿ ಬಂದದ್ದನ್ನು ಯಾವುದೋ ನಾಯಿ ಚಿತ್ರದ ಕಾಯಿನ್‌ಗೆ ಹಾಕಿ 1,20,000 ಕಳೆದುಕೊಂಡಿದ್ದ. ನನ್ನ ಲೆಕ್ಕದಲ್ಲಿ ಮೈನಸ್ 30,000. ಅವಳ ಲೆಕ್ಕದಲ್ಲಿ 90,000ಕ್ಕೆ ಶೇಕಡಾ 30, ಅದರ ಮೇಲೆ ಶೇಕಡಾ 4 ಸೆಸ್, ಒಟ್ಟು 28,080 ರೂಪಾಯಿ ಕಟ್ಟಬೇಕು. ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. "ಬ್ಯಾಂಕಿಗೆ ಒಂದ್ ರೂಪಾಯೂ ಬಂದಿಲ್ಲ ಮೇಡಂ" ಅಂದ ಹುಡುಗ, ಕಡೇ ಅಸ್ತ್ರ ಅನ್ನುವ ಹಾಗೆ. "ಬಿಟ್‌ಕಾಯಿನ್ ಕೊಟ್ಟು ಯುಎಸ್‌ಡಿಟಿ ತಗೊಂಡ್ರಲ್ಲ ಸರ್, ಅವಾಗ್ಲೇ ಮಾರಾಟ ಆಯ್ತು" ಅಂದಳು. ಯುಎಸ್‌ಡಿಟಿ ಅಂದರೆ ಡಾಲರಿನ ಬೆಲೆಗೆ ಕಟ್ಟಿದ ಇನ್ನೊಂದು ಕಾಯಿನ್. ಮತ್ತೆ ಅದೇ ಮಾತು. "ನಷ್ಟ ಬೇಡ ಸರ್, ಲಾಭದ ಡೇಟ್ ಹೇಳಿ."

ಮೈನಸ್ ಚಿಹ್ನೆ ಬಿಟ್ಟ ಮಕ್ಕಳಿಗೆ ನಾನು ಅರ್ಧ ಅಂಕ ಕಳೆಯುತ್ತೇನೆ. ಇಲ್ಲಿ ಕಾನೂನೇ ಮೈನಸ್ ಚಿಹ್ನೆ ಬಿಟ್ಟಿದೆ, ಯಾರ ಅಂಕ ಕಳೆಯಲಿ?

ಅವಳು ಎಷ್ಟು ಚುರುಕು ಅಂದರೆ, ಎಕ್ಸ್‌ಚೇಂಜಿನವರ ಹಾಳೆಯಲ್ಲಿ ಡಾಲರ್ ಲೆಕ್ಕ, ಸಮಯವೂ ನಮ್ಮದಲ್ಲ. ಅಷ್ಟನ್ನೂ ರೂಪಾಯಿಗೆ, ನಮ್ಮ ತಾರೀಖಿಗೆ ತಿರುಗಿಸಿ ಸಾಲುಸಾಲಾಗಿ ತುಂಬಿದಳು. ಕೊಂಡ ದಿನ, ಮಾರಿದ ದಿನ, ಅಸಲು, ಬಂದದ್ದು. ಇವನು ಪ್ರತಿ ವರ್ಷ ಹಾಕುತ್ತಿದ್ದ ಸಹಜ್ ಅನ್ನುವ ಸರಳ ರಿಟರ್ನ್ ಫಾರ್ಮ್ ನಡೆಯುವುದಿಲ್ಲವಂತೆ, ಐಟಿಆರ್ 2 ಅನ್ನುವ ಇನ್ನೊಂದು ಫಾರ್ಮ್ ಬೇಕು. ವಿದೇಶಿ ಆಸ್ತಿಯ ಪಟ್ಟಿಯಲ್ಲೂ ತೋರಿಸಿಬಿಡೋಣ ಅಂತ ಆಡಿಟರ್ ಒಳಗಿನಿಂದಲೇ ಕೂಗಿದರು. ಅಲ್ಲಿ ಲೆಕ್ಕ ಮಾರ್ಚ್‌ವರೆಗಲ್ಲ, ಡಿಸೆಂಬರ್ 31ರವರೆಗೆ.

ಹೊರಗೆ ಬಂದರೆ ಆನೆಗಳ ತಾಲೀಮಿಗೆ ರಸ್ತೆ ತಡೆದಿದ್ದರಿಂದ ಎಲ್ಲ ಗಾಡಿಗಳೂ ಸುತ್ತಿ ಬಳಸಿ ಹೋಗುತ್ತಿದ್ದವು. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದಾಗ ಭಾವನ ಫೋನು. ಹುಡುಗ ಕೈಯಲ್ಲೇ ಬೇಡ ಬೇಡ ಅಂದ. ನಾನು ಸುಳ್ಳು ಹೇಳಲಾರೆ, ಇದ್ದದ್ದು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲ ಕನವ್ವ, ಕಳ್ಕಂಡಿರದ್ಕೂ ತೆರಿಗೆನಾ?" ಬೈಗುಳ ಬರುತ್ತದೆ ಅಂತ ಕಾದಿದ್ದ ಹುಡುಗ, ಅಪ್ಪ ತನ್ನ ಪರ ವಾದಕ್ಕಿಳಿದದ್ದು ಕೇಳಿ ಕಕ್ಕಾಬಿಕ್ಕಿಯಾದ. ಭಾವ ಕೋಪಿಷ್ಠರು, ಆದರೆ ಲೆಕ್ಕದಲ್ಲಿ ನ್ಯಾಯಸ್ಥರು.

ವಾರವಿಡೀ ನನ್ನ ತಲೆಯಲ್ಲಿ ಇದೇ. ಇವನೇನು ಜೂಜುಕೋರನೇ? ಸಿಗರೇಟು ಸೇದದ, ತಿಂಗಳ ಸಂಬಳದಲ್ಲಿ ತಂಗಿಯ ಕಾಲೇಜು ಫೀಸು ಕಟ್ಟುವ ಹುಡುಗ. ಮನೆ ಕಟ್ಟುವ ಆಸೆಗೆ, ಬೇಗ ಆಗಲಿ ಅಂತ ಹೋದವನು. ಅವನ ಅಪ್ಪ ಚೀಟಿಗೆ ಹಾಕಿದರು, ನಮ್ಮಪ್ಪ ತೇಗದ ಗಿಡದ ಸ್ಕೀಮಿಗೆ ಹಾಕಿದರು. ಅವಾಗೆಲ್ಲ ದುಡ್ಡು ಹೋಯಿತು, ಅಲ್ಲಿಗೆ ಮುಗಿಯಿತು. ಹೋದ ದುಡ್ಡಿನ ಬೆನ್ನಿಗೇ ಚಲನ್ ಬರುವುದು ಇವನ ಕಾಲಕ್ಕೆ ಬಂದ ಹೊಸದು. ಹಾಗಂತ ತೆರಿಗೆಯೇ ಬೇಡ ಅನ್ನುವವಳಲ್ಲ ನಾನು, ನನ್ನ ಸಂಬಳ ತೆರಿಗೆಯಿಂದ ಬರುವುದು. ಷೇರಿನಲ್ಲಿ ಲಾಭದಿಂದ ನಷ್ಟವನ್ನು ಕಳೆಯಲು ಬಿಡುವವರು ಇದರಲ್ಲಿ ಬಿಡದಿರುವುದೇಕೆ ಅನ್ನುವುದಷ್ಟೇ ಪ್ರಶ್ನೆ. ಜನ ಇದರ ಹತ್ತಿರ ಹೋಗದಿರಲಿ ಅಂತಿದ್ದರೆ ಹಾಗೆಂದು ಹೇಳಿ ನಿಷೇಧಿಸಬಹುದಿತ್ತು. ನಿಷೇಧಿಸದೆ, ಒಪ್ಪದೆ, ಪಾಲು ಮಾತ್ರ ತೆಗೆದುಕೊಳ್ಳುವ ಈ ಬಗೆ ನನಗೆ ಸರಿ ಕಾಣಲಿಲ್ಲ.

ಚಲನ್ ಕಟ್ಟಿದ್ದಾಯಿತು. ಅರ್ಧ ನಾನು ಕೊಟ್ಟೆ, ಸಾಲ ಅಂತ. ಈಗ ಅಲ್ಲಿ ಉಳಿದಿರುವುದನ್ನು ಈಚೆ ತರುವ ಪಜೀತಿ. ಪಿ2ಪಿಯಲ್ಲಿ, ಅಂದರೆ ಗುರುತಿಲ್ಲದವರಿಗೆ ನೇರವಾಗಿ ಮಾರಿದರೆ ಯಾರೋ ಯುಪಿಐನಲ್ಲಿ ದುಡ್ಡು ಹಾಕುತ್ತಾರೆ, ಆ ದುಡ್ಡು ಯಾವ ಮೋಸದ್ದೋ ಯಾರಿಗೆ ಗೊತ್ತು. ಅವನ ಜೊತೆ ಕೆಲಸ ಮಾಡುವವನೊಬ್ಬನ ಅಕೌಂಟನ್ನು ಇದೇ ಕಾರಣಕ್ಕೆ ಬೇರೆ ರಾಜ್ಯದ ಪೊಲೀಸರು ಫ್ರೀಜ್ ಮಾಡಿಸಿದ್ದಾರೆ, ಸಂಬಳವೂ ಅದರಲ್ಲೇ ಸಿಕ್ಕಿಕೊಂಡಿದೆ. ಎಫ್‌ಐಯು ನೋಂದಣಿಯಿರುವ ಇಲ್ಲಿಯ ಎಕ್ಸ್‌ಚೇಂಜಿಗೆ ಕಾಯಿನ್ ವರ್ಗಾಯಿಸಿ, ಅಲ್ಲಿ ಮಾರಿ ನೇರ ಬ್ಯಾಂಕಿಗೆ ತಗೋ ಅಂತ ಆಡಿಟರ್ ಹೇಳಿದ್ದರು. ಶೇಕಡಾ 1 ಹೋಗುತ್ತದಲ್ಲ ಅಂತ ಇವನ ರಾಗ. ಅದು ನಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಬಂದು ತೆರಿಗೆಗೆ ವಜಾ ಆಗುತ್ತದೆ ಅಂತ ನಾನೇ ವಿವರಿಸಿದೆ. ನೋಡಿ, ಒಂದು ವಾರದಲ್ಲಿ ನಾನೂ ಎಷ್ಟು ಕಲಿತೆ.

ಭಾನುವಾರ ನಮ್ಮ ಮನೆಯಲ್ಲೇ ಕೂತು ಅಕೌಂಟ್ ತೆರೆಯಲು ಹೊರಟ. ಪ್ಯಾನ್, ಆಧಾರ್, ಸೆಲ್ಫಿ ಎಲ್ಲ ಆಯಿತು. ಕೆವೈಸಿ ತಿರಸ್ಕೃತ. ಆಧಾರ್‌ನಲ್ಲಿ ಇನಿಷಿಯಲ್ ಇದೆ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಎರಡೂ ಹೊಂದುತ್ತಿಲ್ಲ. ಇನ್ನು ಆಧಾರ್ ತಿದ್ದಿಸಲು ಆಧಾರ್ ಕೇಂದ್ರಕ್ಕೆ ಹೋಗಬೇಕು. ಅವನಿಗೆ ರಜೆ ಸಿಗುವುದು ದಸರಾಕ್ಕೇ.