ಬಾಗಿಲಾಚೆ ನಿಂತವನು

ಒಡೆದದ್ದು ಒಂದು ಬ್ಯುರೆಟ್, ರಸಾಯನಶಾಸ್ತ್ರದ ಪ್ರಯೋಗದಲ್ಲಿ ದ್ರವ ಅಳೆಯುವ ಗಾಜಿನ ನಳಿಕೆ. ಪ್ರಯೋಗ ಮುಗಿಸಿ ಸ್ಟ್ಯಾಂಡಿನಿಂದ ಬಿಡಿಸುವಾಗ ಅದರ ತುದಿ ಸಿಂಕಿಗೆ ತಗುಲಿ ಟಕ್ಕೆಂದು ಮುರಿಯಿತು. ಸುತ್ತ ನೋಡಿದೆ, ಯಾರ ಗಮನವೂ ಇತ್ತ ಇರಲಿಲ್ಲ. ಬ್ಯುರೆಟ್ಟನ್ನು ಮತ್ತೆ ಸ್ಟ್ಯಾಂಡಿಗೆ ಸಿಕ್ಕಿಸಿ, ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿ ಹೊರಬಂದೆ. ನೋಡಿದ್ದವನು ಒಬ್ಬನೇ, ನನ್ನ ಬೆಂಚಿನ ಗೆಳೆಯ.

ಮರುದಿನ ಬೈಸಿಕೊಂಡವರು ಪ್ರಯೋಗಾಲಯದ ಸಹಾಯಕರು. ವಯಸ್ಸಾದವರು, ಎದುರು ಮಾತಾಡಲಿಲ್ಲ.

"ನಾನಂತೂ ಯಾರಿಗೂ ಹೇಳುವುದಿಲ್ಲ. ಆದರೆ ನೀನು ಹೇಳಬೇಕು. ಬೇಕಿದ್ದರೆ ಜೊತೆಗೆ ಬರುತ್ತೇನೆ" ಎಂದ ಗೆಳೆಯ.

ನನಗೆ ಉರಿದುಹೋಯಿತು. ಆ ದಿನಗಳಲ್ಲೇ ಕನ್ನಡ ತರಗತಿಯಲ್ಲಿ ಪಂಪನ ಕರ್ಣನನ್ನು ಓದುತ್ತಿದ್ದೆವು. ದುರ್ಯೋಧನನ ಹೆಂಡತಿ ಭಾನುಮತಿಯೊಡನೆ ಕರ್ಣ ನೆತ್ತ, ಅಂದರೆ ಪಗಡೆ, ಆಡುವಾಗ ಅವಳ ಮುತ್ತಿನ ಹಾರ ಹರಿದು ಚೆಲ್ಲಾಪಿಲ್ಲಿಯಾಗುತ್ತದೆ. ದುರ್ಯೋಧನ ಸಂಶಯದ ಒಂದು ಮಾತನ್ನೂ ಆಡದೆ, ಮುತ್ತುಗಳನ್ನು ಆಯ್ದುಕೊಡಲೇ ಎನ್ನುತ್ತಾನೆ. ಪಾಂಡವರ ಕಡೆಗೆ ಕರೆದಾಗ, ಅಂಥವನನ್ನು ಬಿಟ್ಟು ಹೇಗೆ ಬರಲಿ ಎಂದು ಕರ್ಣ ಕೇಳುವಾಗ ಇಡೀ ತರಗತಿ ಮೌನವಾಗಿತ್ತು. "ಗೆಳೆಯನೆಂದರೆ ಕರ್ಣನ ಹಾಗಿರಬೇಕು" ಎಂದು ಚುಚ್ಚಿದೆ.

"ದ್ಯೂತಸಭೆಯಲ್ಲಿ ಕರ್ಣ ಬೇಡ ಎನ್ನಲಿಲ್ಲವಲ್ಲ" ಎಂದ. ಅಷ್ಟೇ.

ನಾಲ್ಕು ದಿನ ಅವನೊಂದಿಗೆ ಮಾತು ಬಿಟ್ಟೆ. ಒಂದೇ ಬೆಂಚಿನಲ್ಲಿ ಕೂತು ಮಾತು ಬಿಡುವುದು ಎಷ್ಟು ಕಷ್ಟವೆಂದು ಬಿಟ್ಟವರಿಗೇ ಗೊತ್ತು. ಐದನೆಯ ದಿನ ಉಪನ್ಯಾಸಕರ ಕೊಠಡಿಗೆ ಹೋದೆ. ಅವನು ಬಾಗಿಲವರೆಗೆ ಬಂದ. ಗಾಜಿನ ತುಂಡನ್ನು ಮೇಜಿನ ಮೇಲಿಟ್ಟೆ. ಉಪನ್ಯಾಸಕರು ನನ್ನನ್ನು ಬೈಯಲಿಲ್ಲ. ಸಹಾಯಕರನ್ನು ಕರೆಸಿ, ನನ್ನೆದುರಿಗೇ ಅವರ ಕ್ಷಮೆ ಕೇಳಿದರು. ಬೈಗುಳಕ್ಕೆ ಗಟ್ಟಿಮನಸ್ಸು ಮಾಡಿಕೊಂಡು ಹೋಗಿದ್ದವನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅರಿಸ್ಟಾಟಲನನ್ನು ಓದಿದೆ. ಪ್ರಯೋಜನದ ಗೆಳೆತನ, ಸಂತೋಷದ ಗೆಳೆತನ, ಗುಣದ ಗೆಳೆತನ ಎಂದು ಮೂರು ಬಗೆ ಹೇಳುತ್ತಾನೆ. ಮೊದಲೆರಡು ಕಾರಣ ಮುಗಿದೊಡನೆ ಮುಗಿಯುತ್ತವೆ. ನೋಟ್ಸ್ ಕೊಟ್ಟವರು, ಹರಟೆಗೆ ಸಿಕ್ಕವರು ಎಷ್ಟು ಜನ ಈಗ ನೆನಪಿದ್ದಾರೆ? ಮೂರನೆಯದಕ್ಕೆ ಕಾಲ ಬೇಕು. ಜೊತೆಯಾಗಿ ಸಾಕಷ್ಟು ಉಪ್ಪು ತಿನ್ನದೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗಾದೆಯನ್ನು ಅವನು ನೆನೆಯುತ್ತಾನೆ. ನಮ್ಮ ಮಾತಿನಲ್ಲಿ ಉಪ್ಪೆಂದರೆ ಋಣ, ತಿಂದವನು ತೀರಿಸಬೇಕು. ಅರಿಸ್ಟಾಟಲನ ಉಪ್ಪು ಹಾಗಲ್ಲ, ಇಬ್ಬರೂ ಕೂಡಿ ತಿಂದದ್ದು. ಯಾರು ಯಾರಿಗೆ ತೀರಿಸುವುದು? ಕರ್ಣ ಈಗಲೂ ನನ್ನ ಕಣ್ಣಲ್ಲಿ ನೀರು ತರಿಸುತ್ತಾನೆ, ಆದರೆ ಅವನದು ಹೆಚ್ಚಾಗಿ ಋಣದ ಕಥೆ ಎನ್ನಿಸುತ್ತದೆ. ಆ ಪ್ರಸಂಗದಲ್ಲಿ ನಿಜವಾದ ಗೆಳೆಯ, ಯಾರೇನೇ ಅನ್ನಲಿ, ಮುತ್ತು ಆಯಲು ಬಗ್ಗಿದ ದುರ್ಯೋಧನ.

ಈ ಬರಹವನ್ನು ಕಾಲೇಜಿಗೆ ಕಳಿಸುವ ಮುಂಚೆ ಆ ಬೆಂಚಿನ ಗೆಳೆಯನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವನಿಗೆ ಈಗ ಕಿವಿ ಸ್ವಲ್ಪ ಮಂದ, ಎರಡು ಸಲ ಓದಿಸಿದ. ಆಮೇಲೆ, "ಒಂದು ತಪ್ಪಿದೆ, ತಿದ್ದು. ನಾನು ಬಾಗಿಲಾಚೆ ನಿಂತಿರಲಿಲ್ಲ. ಒಳಗೇ ಇದ್ದೆ, ನಿನ್ನ ಹಿಂದೆ. ನೀನು ತಿರುಗಿ ನೋಡಲಿಲ್ಲ" ಎಂದ.

ತಲೆಬರಹವನ್ನು ಬದಲಿಸಿಲ್ಲ. ಅದಕ್ಕಾಗಿ ಅವನು ಮತ್ತೆ ಫೋನ್ ಮಾಡಲಿ.