ಕ್ರೀಟ್‌ನಲ್ಲಿ ಮುಂಗಾರು ಅಕ್ಟೋಬರಿಗೆ

ಅಕ್ಟೋಬರ್ 28, ಹನಿಯಾ, ಕ್ರೀಟ್ ದ್ವೀಪ

ಇವತ್ತು ಗ್ರೀಸ್‌ಗೆಲ್ಲ ರಜೆ. 1940ರಲ್ಲಿ ಇಟಲಿಯ ಸರ್ವಾಧಿಕಾರಿ ಮುಸೊಲಿನಿಯ ಬೆದರಿಕೆಗೆ ಇವರು ‘ಆಗಲ್ಲ’ ಅಂದ ದಿನ. ಪೇಟೆಯಲ್ಲಿ ಶಾಲೆ ಮಕ್ಕಳ ಮೆರವಣಿಗೆ ಇತ್ತು. ಸ್ವಲ್ಪ ಹೊತ್ತು ನೋಡಿ, ಮಗಳ ಕಾರಿನಲ್ಲಿ ಅಕ್ರೋತಿರಿ ಕಡೆ ಹೊರಟೆವು. ಗುವರ್ನೆಟೊ ಮಠದ ಹತ್ತಿರ ಗಾಡಿ ನಿಲ್ಲಿಸಿ, ಹಳೆಯ ಕಥೊಲಿಕೊ ಮಠಕ್ಕೆ ಇಳಿಯುವ ಕಲ್ಲುದಾರಿ ಹಿಡಿದೆವು.

ನಾವು ಬಂದ ಹೊಸತರಲ್ಲಿ ಈ ಗುಡ್ಡಗಳಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಮುಳ್ಳುಪೊದೆ, ಸುಣ್ಣಕಲ್ಲು, ಆಡಿನ ಹಿಕ್ಕೆ. ಬೇಸಿಗೆಯಿಡೀ ಇಲ್ಲಿ ಹೆಚ್ಚುಕಮ್ಮಿ ಮಳೆಯೇ ಇಲ್ಲ. ಮೊನ್ನೆ ಮಳೆ ಬಿತ್ತು ನೋಡಿ, ಅವತ್ತು ರಾತ್ರಿಯೇ ಜನ ಟಾರ್ಚ್ ಹಿಡಿದು ಬಸವನಹುಳು ಆರಿಸಲು ಹೊರಟರು. ಇಲ್ಲಿಯವರಿಗೆ ಅದರ ಅಡುಗೆ ಅಂದ್ರೆ ಪ್ರಾಣ. (ನಾನು ದೂರದಿಂದಲೇ ಕೈ ಮುಗಿದೆ.) ಯುರೋಪಿನ ಶರತ್ಕಾಲ ಅಂದರೆ ಎಲೆ ಉದುರಿ ಎಲ್ಲ ಮುಗಿಯುವ ಕಾಲ ಅಂತ ಕ್ಯಾಲೆಂಡರ್ ಚಿತ್ರ ನೋಡಿದವರಿಗೆಲ್ಲ ಅನ್ನಿಸುತ್ತೆ. ಕ್ರೀಟ್‌ನ ಮಟ್ಟಿಗೆ ಇದು ಮುಂಗಾರು. ಗಿಡಗಳಿಗೆ ವರ್ಷ ಶುರುವಾಗುವುದೇ ಈಗ.

ಮಳೆಗೂ ಕಾಯದೆ ಹೂ ಬಿಡುವುದು ಇಲ್ಲಿಯ ಕಾಡೀರುಳ್ಳಿ. ಬೇಸಿಗೆ ಕೊನೆಗೇ, ಒಂದು ಎಲೆಯೂ ಇಲ್ಲದೆ, ಬಿರುಕುಬಿಟ್ಟ ನೆಲದಿಂದ ಎದೆಯೆತ್ತರದ ದಂಟು ಎಬ್ಬಿಸುತ್ತದೆ. ಅದರ ತುಂಬ ಕೆಳಗಿನಿಂದ ಮೇಲಕ್ಕೆ ಬಿಳಿ ಹೂ. ಈಗ ದಂಟು ಒಣಗಿ ಕಾಯಾಗಿದೆ, ಬುಡದಲ್ಲಿ ಎಲೆ ಮೂತಿ ತೂರಿಸಿದೆ. ಹೊಸ ವರ್ಷಕ್ಕೆ ಇದರ ಗಡ್ಡೆಯನ್ನು ಬಾಗಿಲಿಗೆ ತೂಗುಹಾಕುವ ಪದ್ಧತಿ ಇದೆ. ಮಣ್ಣಿಲ್ಲದೆ ತೂಗಿಬಿಟ್ಟರೂ ಚಿಗುರುತ್ತದಲ್ಲ, ಅದಕ್ಕೇ ಮನೆಗೆ ಶುಭ. ತಿನ್ನಲು ಮಾತ್ರ ಹೋಗಬಾರದು. ಕೆಂಪು ಗಡ್ಡೆಯ ಬಗೆಯಿಂದ ಹಿಂದೆ ಇಲಿ ಪಾಷಾಣ ಮಾಡುತ್ತಿದ್ದರು.

ಕಲ್ಲುಸಂದಿಗಳಲ್ಲಿ ಸೈಕ್ಲಮೆನ್. ಮುಖ ನೆಲಕ್ಕೆ, ಗುಲಾಬಿ ದಳಗಳೆಲ್ಲ ಹಿಂದಕ್ಕೆ. ಹೂ ಕಾಯಾದ ಮೇಲೆ ತೊಟ್ಟು ಸುರುಳಿ ಸುತ್ತಿಕೊಂಡು ಕಾಯಿಯನ್ನು ನೆಲಕ್ಕೆ ಎಳೆಯುತ್ತದೆ. ಬೀಜಕ್ಕೆ ಸಿಹಿ ಅಂಟು, ಅದರಾಸೆಗೆ ಇರುವೆಗಳು ಹೊತ್ತೊಯ್ಯುತ್ತವೆ. ಅಷ್ಟೆತ್ತರದ ಬಂಡೆಗೆ ಗಡ್ಡೆ ಹತ್ತಿದ್ದು ಇರುವೆಗಳ ದಯೆಯಿಂದಲೇ ಇರಬೇಕು. ಇಳಿಜಾರಿನಲ್ಲಿ ಪುಟ್ಟ ಬಿಳಿ ನಾರ್ಸಿಸಸ್ ಕೂಡ ಇದ್ದವು. ಘಮ ಇದೆ, ಆದ್ರೆ ನಮ್ಮ ಮಲ್ಲಿಗೆ ಮುಂದೆ ಏನೂ ಅಲ್ಲ.

ನಾನು ಜಾಸ್ತಿ ಹೊತ್ತು ಕೂತಿದ್ದು ಕೊಲ್ಚಿಕಮ್ ಹತ್ತಿರ. ದಾರಿ ಬದಿಯಲ್ಲೇ, ಬೆರಳೆತ್ತರಕ್ಕೂ ಏಳದ ತಿಳಿ ನೇರಳೆ ಹೂ. ಕೇಸರಿ ಹೂವಿನದೇ ರೂಪ, ಗುರುತು ಹಿಡಿಯಲು ಒಳಗೆ ಇಣುಕಬೇಕು. ಕೇಸರಿಯ ಬಳಗಕ್ಕೆ ಪರಾಗದ ಕಡ್ಡಿ ಮೂರು, ಇದಕ್ಕೆ ಆರು. ಕನ್ನಡಕ ಏರಿಸಿ ಎಣಿಸಿದೆ, ಆರೇ. ದಂಟು ಅಂತ ಕಾಣುವುದು ದಂಟೇ ಅಲ್ಲ, ದಳಗಳೇ ಕೂಡಿ ಆದ ಕೊಳವೆ. ಕಾಯಿ ಕಟ್ಟುವ ಭಾಗ ಮಣ್ಣಿನೊಳಗೇ ಇದೆ. ಆಡು ಬಂದು ಹೂವನ್ನು ತುಳಿದರೂ ಬೀಜ ಕೆಳಗೆ ಕ್ಷೇಮ. ಎಲೆಯೆಲ್ಲ ಬೆಳೆದು ವಸಂತ ಬಂದ ಮೇಲೆ ಕಾಯಿ ನೆಲದಿಂದ ಮೇಲೇಳುತ್ತದೆ.

ಈ ಗಿಡದ ತುಂಬ ಕೊಲ್ಚಿಸಿನ್ ಅನ್ನುವ ವಿಷ. ಅಳತೆ ಮಾಡಿ ಕೊಟ್ಟರೆ ಗೌಟ್ ಅನ್ನುವ ಕೀಲುನೋವಿಗೆ ಮಾತ್ರೆ, ಅಳತೆ ಮೀರಿದರೆ ಜೀವಕ್ಕೇ ಸಂಚಕಾರ. ನಮ್ಮ ಮಲೆನಾಡಿನ ಬೇಲಿ ಮೇಲೆ ಹಬ್ಬುವ ಗೌರಿ ಹೂವಿನಲ್ಲೂ ಇದೇ ವಿಷ ಇದೆ, ಎರಡೂ ಒಂದೇ ಕುಟುಂಬದವು. ಅದಕ್ಕೂ ಕಡ್ಡಿ ಆರೇ. ಅದು ಬೆಂಕಿಯ ಬಣ್ಣದಲ್ಲಿ ಬೇಲಿ ಹತ್ತಿ ಕೂಗುತ್ತದೆ, ಇದು ನೆಲ ಬಿಟ್ಟು ಏಳುವುದಿಲ್ಲ. ನೋಡಿದರೆ ನೆಂಟರು ಅಂತ ಯಾರೂ ಹೇಳಲ್ಲ.

ಕೇಸರಿ ಅಂದಾಗ ನೆನಪಾಯಿತು. ಇದೇ ದ್ವೀಪದ ಪುರಾತನ ಕ್ನಾಸಸ್ ಅರಮನೆಯಲ್ಲಿ ಕೇಸರಿ ಹೂ ಕೀಳುವ ನೀಲಿ ಹುಡುಗನ ಚಿತ್ರ ಅಂತ ಅದನ್ನು ಅಗೆದು ತೆಗೆದ ಆರ್ಥರ್ ಇವಾನ್ಸ್ ಚೂರುಗಳನ್ನು ಜೋಡಿಸಿಟ್ಟಿದ್ದ. ಅದು ಹುಡುಗನಲ್ಲ, ಕೋತಿ ಅಂತ ಆಮೇಲೆ ಗೊತ್ತಾಯಿತು. ಹೆರಾಕ್ಲಿಯೊನ್ ಮ್ಯೂಸಿಯಂನಲ್ಲಿದೆ, ಹೋದವರು ತಪ್ಪದೆ ನೋಡಿ.

ವಾಪಸ್ ಹತ್ತುವಾಗ ಇವರಿಗೆ ಆಸೆ. “ಒಂದು ಸೈಕ್ಲಮೆನ್ ಗಡ್ಡೆ ಬ್ಯಾಗಿಗೆ ಹಾಕ್ಕೊಳ್ಳೋಣ ಕಣೇ, ನಮ್ಮೂರು ಸಾಗರದ ಮನೆ ಅಂಗಳದಲ್ಲಿ ಊರಿ ನೋಡೋಣ.”

“ಪರವಾನಗಿ ಇಲ್ಲದೆ ದೇಶ ದಾಟಿಸೋ ಹಾಗಿಲ್ಲ ರೀ, ಕಾಡು ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಅದಿರಲಿ, ಇದು ಒಣಗಿ ಮಲಗೋದು ಜೂನ್, ಜುಲೈನಲ್ಲಿ. ಆಗ ಸಾಗರದಲ್ಲಿ ಏನಾಗ್ತಿರುತ್ತೆ ಹೇಳಿ?”

“ಹಾಗಾದ್ರೆ ಆ ಕಾಡೀರುಳ್ಳಿ?”

“ಅದೂ ಕೊಳೆಯುತ್ತೆ.”

ಮಗಳು ನಗುತ್ತಾ ಕಾರಿನ ಬಾಗಿಲು ತೆಗೆದಳು. ಇವರು ದಾರಿಯುದ್ದಕ್ಕೂ ಚಪ್ಪರ ಹಾಕಿ ಮಳೆ ತಡೆಯುವ ಉಪಾಯ ಹೇಳುತ್ತಲೇ ಬಂದರು.